ಕೇರಿಯ ಹುಡುಗರು ಮತ್ತು ಇಂಗ್ಲಿಷ್ ಗ್ರಾಮರ್

ದಲಿತ ವಿಮರ್ಶೆಯ ವಿಶೇಷಾಂಕದಲ್ಲಿ ಇಂಗ್ಲಿಷ್ ಗ್ರಾಮರ್ ಬಗ್ಗೆ ಬರೆಯುವುದೇನಿದೆ ಎಂದು ಕೆಲವು ಗೆಳೆಯರಿಗೆ ಅನ್ನಿಸಬಹುದು. ಕತೆ, ಕವಿತೆ, ಆತ್ಮಕತೆಗಳ ಬಗ್ಗೆ ನಾವು ಸಾಕಷ್ಟು ಮಾತಾಡಿದ್ದೇವೆ. ಆದರೆ ಸಂತೇಬೆನ್ನೂರಿನ ಸುತ್ತಿನ ಹಳ್ಳಿಗಳಿಂದ, ಅತ್ತ ಜಗಳೂರು, ಇತ್ತ ಹೊನ್ನಾಳಿ ಕಡೆಯಿಂದ ಬಿ.ಎ. ಓದಲು ಬರುವ ನಮ್ಮ ಹುಡುಗ ಹುಡುಗಿಯರನ್ನು ಡಿಗ್ರಿಯಿಂದ ಆಚೆ ದಬ್ಬುತ್ತಿರುವುದು ಕತೆ ಕವಿತೆಗಳಲ್ಲ, ಇಂಗ್ಲಿಷ್ ಪೇಪರು. 'ಎಲ್ಲಾ ಆಯ್ತು ಸಾರ್, ಇಂಗ್ಲಿಷ್ ಒಂದು ಉಳ್ಕೊಂಡೈತೆ' ಎಂದ ಹುಡುಗ ಮರುವರ್ಷ ಅಡಿಕೆ ಖೇಣಿದಾರರ ಲಾರಿಗೆ ಮೂಟೆ ಹೊರುತ್ತಿರುತ್ತಾನೆ. ಹುಡುಗಿಯಾದರೆ ಮದುವೆ ಮುಗಿದಿರುತ್ತದೆ. ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಇದನ್ನು ದಿನಾ ನೋಡುವವನು.

ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಇದಕ್ಕೆ ಒಂದು ರೆಡಿ ಉತ್ತರವಿದೆ. 'ಈ ಹುಡುಗ್ರಿಗೆ ಬೇಸಿಕ್ಸೇ ಇಲ್ಲ ಕಣ್ರೀ.' ಬೇಸಿಕ್ಸ್ ಎಂದರೆ ಏನು? ನನ್ನ ತಲೆಮಾರಿನವರು ಸರ್ಕಾರಿ ಶಾಲೆಯಲ್ಲಿ ಎಬಿಸಿಡಿ ಕಂಡದ್ದು ಐದನೇ ಕ್ಲಾಸಿನಲ್ಲಿ. 2007-08ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂತು. ಹಾಗೆ ಒಂದನೇ ಕ್ಲಾಸಿನಿಂದ ಪಿಯುಸಿವರೆಗೆ ಹನ್ನೆರಡು ವರ್ಷ ಇಂಗ್ಲಿಷ್ ಓದಿ ಬಂದ ಮಕ್ಕಳು ಈಗ ನನ್ನ ಮುಂದೆ ಕೂತಿದ್ದಾರೆ. ತಪ್ಪುಗಳು ಮಾತ್ರ ಅವೇ. ಗೈಡಿನ ಪ್ರಶ್ನೋತ್ತರ ಬಾಯಿಪಾಠ ಮಾಡಿ ಇಲ್ಲಿತನಕ ಬಂದಿದ್ದಾರೆ, ಒಂದು ಸ್ವಂತ ವಾಕ್ಯ ಬರೆಯಿರಿ ಎಂದರೆ ಪೆನ್ನು ನಿಂತುಬಿಡುತ್ತದೆ. ಅಂದರೆ ತೊಂದರೆ ವರ್ಷಗಳ ಲೆಕ್ಕದಲ್ಲಿ ಇಲ್ಲ. ಈ ಮಕ್ಕಳ ತಪ್ಪುಗಳಿಗೆ ಒಂದು ಕ್ರಮವಿದೆ, ಆ ಕ್ರಮ ಅವರ ಕನ್ನಡದಲ್ಲಿದೆ, ಕೆಲವು ಸಲ ಅವರ ಕೇರಿಯ ಬದುಕಿನಲ್ಲಿದೆ, ಪಾಠ ಹೇಳುವ ನಾವು ಅತ್ತ ತಿರುಗಿಯೂ ನೋಡುವುದಿಲ್ಲ ಎಂಬುದು ನನ್ನ ತಕರಾರು.

ಒಂದು ಸಣ್ಣ ಉದಾಹರಣೆ. 'ಹಿ ಡಿಡ್ ನಾಟ್ ವೆಂಟ್' ಎಂದು ನೂರಕ್ಕೆ ಎಂಬತ್ತು ಹುಡುಗರು ಬರೆಯುತ್ತಾರೆ ಅಂತ ಮೇಷ್ಟ್ರುಗಳು ಗೊಣಗುತ್ತಾರೆ. 'ಡಿಡ್ ಬಂದ್ಮೇಲೆ ಮೊದಲನೇ ರೂಪ ಹಾಕಬೇಕು, ಬರ್ಕೊಳ್ಳಿ' ಎಂದು ಹತ್ತು ವರ್ಷದಿಂದ ಬರೆಸಿದ್ದಾರೆ, ಹೋಗಿಲ್ಲ. ನಾನು ಬೋರ್ಡಿನ ಮೇಲೆ 'ಹೋದನು' ಎಂದು ಬರೆದು, ಇದಕ್ಕೆ 'ಇಲ್ಲ' ಸೇರಿಸಿ ಎನ್ನುತ್ತೇನೆ. 'ಹೋಗಲಿಲ್ಲ' ಎಂದು ಇಡೀ ಕ್ಲಾಸು ಕೂಗುತ್ತದೆ. 'ಹೋದಲಿಲ್ಲ' ಅಂತ ಯಾಕೆ ಅನ್ನಲಿಲ್ಲ? ನಗುತ್ತಾರೆ. 'ಹೋದ'ದಲ್ಲಿದ್ದ ಭೂತಕಾಲ 'ಹೋಗಲ್' ಆದಾಗ ಎಲ್ಲಿಗೆ ಹೋಯಿತೋ, 'ವೆಂಟ್' ಹೋಗಿ 'ಗೋ' ಆದಾಗಲೂ ಅಲ್ಲಿಗೇ ಹೋಯಿತು. ಕಾಲವನ್ನು 'ಡಿಡ್' ಹೊತ್ತುಕೊಂಡ ಮೇಲೆ ಇನ್ನೊಬ್ಬ ಹೊರುವ ಅಗತ್ಯವಿಲ್ಲ. ಈ ನಿಯಮ ಅವರಿಗೆ ಮೂರು ವರ್ಷದ ಕೂಸಾಗಿದ್ದಾಗಲೇ ಗೊತ್ತಿತ್ತು. ಗೊತ್ತಿದೆ ಎಂದು ಯಾರೂ ಹೇಳಿರಲಿಲ್ಲ, ಅಷ್ಟೆ.

'ಐ ಆ್ಯಮ್ ಸ್ಟಡಿಯಿಂಗ್ ಫ್ರಮ್ ತ್ರೀ ಇಯರ್ಸ್' ಎನ್ನುವುದೂ ಹಾಗೇ. ಕನ್ನಡದ 'ಇಂದ' ಪ್ರತ್ಯಯ 'ಸೋಮವಾರದಿಂದ' ಎನ್ನುವುದಕ್ಕೂ 'ಮೂರು ದಿನದಿಂದ' ಎನ್ನುವುದಕ್ಕೂ ಸಾಕು. ಇಂಗ್ಲಿಷಿಗೆ ಶುರುವಾದ ಬಿಂದುವಿಗೆ 'ಸಿನ್ಸ್' ಬೇಕು, ಕಳೆದ ಅವಧಿಗೆ 'ಫಾರ್' ಬೇಕು. 'ಹ್ಯಾವ್' ಬಗ್ಗೆ ಕೊಂಚ ನಿಲ್ಲಬೇಕು. ಕನ್ನಡದಲ್ಲಿ ಆ ಕ್ರಿಯಾಪದವೇ ಇಲ್ಲ. 'ನನಗೆ ಇಬ್ಬರು ತಮ್ಮಂದಿರಿದ್ದಾರೆ', 'ನಮಗೆ ಜಮೀನಿಲ್ಲ' ಎನ್ನುತ್ತೇವೆ. 'ನನಗೆ' ಎನ್ನುವುದು ಚತುರ್ಥಿ ವಿಭಕ್ತಿ, ಇರುವುದು ಇಲ್ಲದಿರುವುದು ಎರಡೂ ನನ್ನ ಕಡೆ ಬರುತ್ತವೆ, ನಾನು ಕರ್ತೃವಲ್ಲ. ಇಂಗ್ಲಿಷಿನಲ್ಲಿ 'ನಾನು' ಎದ್ದು ಮುಂದೆ ಬಂದು ಜಮೀನನ್ನು ಹಿಡಿಯಬೇಕು, ಇಲ್ಲದ ಜಮೀನನ್ನೂ ಹಿಡಿಯಬೇಕು. 'ಟು ಮಿ ಲ್ಯಾಂಡ್ ಈಸ್ ನಾಟ್' ಎಂದು ಬರೆದ ಹುಡುಗ ದಡ್ಡನಲ್ಲ. ಅವನು ಒಂದು ಭಾಷೆಯ ವಿಭಕ್ತಿಯನ್ನು ಚೆನ್ನಾಗಿ ಬಲ್ಲವನು.

ಈಗ ನಿಜವಾಗಿ ಕೇರಿಗೆ ಸಂಬಂಧಪಟ್ಟ ತಪ್ಪಿಗೆ ಬರುತ್ತೇನೆ. ಕುಟುಂಬದ ಬಗ್ಗೆ ಹತ್ತು ವಾಕ್ಯ ಬರೆಯಲು ಹೇಳಿದಾಗ ಒಬ್ಬ ಹುಡುಗಿ ಅಜ್ಜಿಯ ಬಗ್ಗೆ ಹೀಗೆ ಬರೆದಳು: 'ಮೈ ಗ್ರ್ಯಾಂಡ್‌ಮದರ್ ಈಸ್ ಕೂಲಿ. ದೇ ಆರ್ ಪೀಲಿಂಗ್ ಅರೆಕನಟ್.' ಒಬ್ಬಳೇ ಅಜ್ಜಿ 'ದೇ' ಹೇಗಾದಳು? ಪರೀಕ್ಷಕನ ಕೆಂಪು ಇಂಕಿಗೆ ಅದು ವಚನದೋಷ. ಆದರೆ ಆ 'ದೇ' ಬಹುವಚನವಲ್ಲ, 'ಅವರು'. ಸೀಸನ್ನಿನಲ್ಲಿ ಅಡಿಕೆ ಸುಲಿಯಲು ಹೋಗುವ ಆ ಮುದುಕಿಯನ್ನು ಊರಿನಲ್ಲಿ ಯಾರೂ 'ಅವರು' ಎನ್ನುವುದಿಲ್ಲ. ಮೊಮ್ಮಗನ ವಯಸ್ಸಿನ ಗೌಡರ ಹುಡುಗ 'ಏಯ್ ಬಾರೇ ಇಲ್ಲಿ' ಎಂದೇ ಕರೆಯುತ್ತಾನೆ, ಆಕೆ 'ಬಂದೆ ಬುದ್ದೀ' ಎನ್ನಬೇಕು. ಮನೆಯಲ್ಲೂ 'ಅಜ್ಜಿ ಬಂದ್ಲು' ಅಂತಲೇ, ಅದು ಸಲಿಗೆ. ಶಾಲೆಯ ಕನ್ನಡ ಕಲಿತ ಮೊಮ್ಮಗಳು ಅಜ್ಜಿಗೆ 'ಅವರು' ಕೊಟ್ಟದ್ದು ಕಾಗದದ ಮೇಲೆ, ಅದೂ ಇಂಗ್ಲಿಷಿನಲ್ಲಿ. ಅದನ್ನೂ ನಾವು ಹೊಡೆದುಹಾಕಿದೆವು!

ಹಾಗೆಂದು ತಪ್ಪನ್ನು ಬಿಟ್ಟುಬಿಡಬೇಕೆ? ಬಿಡಬಾರದು, ಬಿಟ್ಟರೆ ಅವಳು ಫೇಲಾಗುತ್ತಾಳೆ. ಹೇಳಬೇಕಾದ್ದು ಇಷ್ಟು: ಇಂಗ್ಲಿಷಿನ 'ಶಿ'ಗೆ ಏಣಿಯಿಲ್ಲ. ತೋಟದ ಗೌಡ್ರಮ್ಮನೂ 'ಶಿ', ಅಡಿಕೆ ಸುಲಿಯುವ ನಿನ್ನ ಅಜ್ಜಿಯೂ 'ಶಿ', ಇಬ್ಬರಿಗೂ ಅದೇ 'ಈಸ್'. ಕ್ಲಾಸಿಗೆ ಇದು ತಲುಪಿದಾಗ ಸ್ವಲ್ಪ ಹೊತ್ತು ಮೌನವಿರುತ್ತದೆ. ಗೌಡ್ರಮ್ಮನನ್ನು 'ಶಿ' ಎನ್ನಲು ಕೆಲವರಿಗೆ ಭಯ, ಅಕ್ಷರಶಃ ಭಯ. ಇಂಗ್ಲಿಷರಿಗೂ ಒಂದು ಕಾಲದಲ್ಲಿ ಈ ಏಣಿ ಇತ್ತು. 'ದೌ' ಎಂದರೆ ನೀನು, 'ಯೂ' ಎಂದರೆ ನೀವು. ಹದಿನೇಳನೇ ಶತಮಾನದಲ್ಲಿ ಕ್ವೇಕರ್ ಪಂಥದವರು ದೊರೆ, ನ್ಯಾಯಾಧೀಶ ಎನ್ನದೆ ಎಲ್ಲರಿಗೂ 'ದೌ' ಎಂದು ಹೇಳಿ ಏಟು ತಿಂದರು, ಜೈಲು ಕಂಡರು. ಕೊನೆಗೆ ಮಾತಿನಲ್ಲಿ ಸತ್ತದ್ದು 'ನೀನು', ಉಳಿದದ್ದು 'ನೀವು'. ಎದುರಿಗೆ ಒಬ್ಬನೇ ಇದ್ದರೂ 'ಯೂ ಈಸ್' ಆಗದೆ 'ಯೂ ಆರ್' ಆಗುವುದು ಇದಕ್ಕೇ, ಅದು ಹುಟ್ಟಿನಿಂದ ಬಹುವಚನ. 'ಯಾಕೆ ಸಾರ್ ಒಬ್ರಿಗೂ ಆರ್?' ಎಂದು ಕೇಳುವ ಹುಡುಗನಿಗೆ 'ರೂಲ್ ಹಂಗೈತೆ' ಎನ್ನುವ ಬದಲು ಈ ಚರಿತ್ರೆ ಹೇಳಿದರೆ ಅವನು ಆ ನಿಯಮವನ್ನು ಮರೆಯುವುದಿಲ್ಲ.

ಇನ್ನು ಕರ್ಮಣಿ ಪ್ರಯೋಗ. 'ಪ್ಯಾಸಿವ್ ವಾಯ್ಸ್' ಎಂದರೆ ಹುಡುಗರಿಗೆ ಜ್ವರ. ಆಡುಗನ್ನಡದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. 'ಹೊಡೆಯಲ್ಪಟ್ಟನು' ಎಂದು ಯಾವ ಮನುಷ್ಯ ಮಾತಾಡುತ್ತಾನೆ? ಏಟು ತಿಂದ, ಒದೆ ತಿಂದ, ಹೊಡೆಸಿಕೊಂಡ ಎನ್ನುತ್ತೇವೆ. ಆದ್ದರಿಂದ 'ಹಿ ಏಟ್ ಬೀಟಿಂಗ್' ಎಂದು ಬರುತ್ತದೆ, 'ಹಿ ವಾಸ್ ಬೀಟನ್' ಬರುವುದಿಲ್ಲ. ರಾಮನು ರಾವಣನನ್ನು ಕೊಂದನು, ರಾವಣನು ರಾಮನಿಂದ ಕೊಲ್ಲಲ್ಪಟ್ಟನು ಎಂದು ತಿರುಗಿಸಿ ಮುರುಗಿಸಿ ಬರೆಸುವುದರಲ್ಲೇ ಪಿರಿಯಡ್ಡು ಮುಗಿಯುತ್ತದೆ. ಭಾಷೆಗೆ ಈ ಪ್ರಯೋಗ ಯಾಕೆ ಬೇಕು ಎಂಬುದನ್ನು ಯಾವ ಗೈಡೂ ಹೇಳುವುದಿಲ್ಲ. ಮಾಡಿದವನು ಗೊತ್ತಿಲ್ಲದಿದ್ದರೆ, ಅಥವಾ ಹೇಳುವ ಅಗತ್ಯವಿಲ್ಲದಿದ್ದರೆ, 'ಬೈ' ಎಂದು ಬರುವ ಭಾಗವನ್ನು ಬಿಡಬಹುದು ಎಂದು ಒಂದು ಸಾಲು ಮಾತ್ರ ಇರುತ್ತದೆ. ನನಗೆ ಇಡೀ ಪಾಠ ಇರುವುದು ಆ ಒಂದು ಸಾಲಿನಲ್ಲೇ.

2000ನೇ ಇಸವಿ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಜೀವಂತ ಸುಡಲ್ಪಟ್ಟರು. ಈ ವಾಕ್ಯ ವ್ಯಾಕರಣಬದ್ಧವಾಗಿದೆ, ಪೂರ್ಣವಾಗಿದೆ. ಯಾರಿಂದ? 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. 'ಬೈ' ನಂತರದ ಜಾಗ ಖಾಲಿ. ಪತ್ರಿಕೆಯ 'ಹಲ್ಲೆ ನಡೆಸಲಾಗಿದೆ', ಕಚೇರಿಯ 'ಕ್ರಮ ಕೈಗೊಳ್ಳಲಾಗುವುದು', ಇವೆಲ್ಲ ಅದೇ ಖಾಲಿ ಜಾಗದ ಕನ್ನಡ. ಬಹಿಷ್ಕಾರ ಹಾಕುವವರು ಇರುತ್ತಾರೆ, ಆದರೆ ವರದಿಯಲ್ಲಿ ಬಹಿಷ್ಕಾರ ತಾನೇ ಹಾಕಿಕೊಂಡಂತೆ ಬಿದ್ದಿರುತ್ತದೆ. ಕೇರಿಯ ಭಾಷೆ 'ಅವನೇ ಹೊಡ್ದ' ಎಂದು ಕರ್ತೃವನ್ನು ಮೊದಲು ನಿಲ್ಲಿಸುತ್ತದೆ, ದೂರು ಕಾಗದಕ್ಕೆ ಇಳಿಯುವಾಗ ಕರ್ತೃ ಜಾರಿಹೋಗುತ್ತಾನೆ. ಪೇಪರಿನ ಸುದ್ದಿ ಕೊಟ್ಟು 'ಇಲ್ಲಿ ಯಾರು ಏನು ಮಾಡಿದರು, ಕರ್ತರಿಯಲ್ಲಿ ಬರೆಯಿರಿ' ಎಂದಾಗ ಹುಡುಗರು ಪ್ಯಾಸಿವ್ ವಾಯ್ಸ್ ಕಲಿತುಬಿಡುತ್ತಾರೆ, ಯಾಕೆಂದರೆ ಬಿಟ್ಟುಹೋದದ್ದು ಏನೆಂದು ಅವರಿಗೆ ಗೊತ್ತು.

ಆದರೆ ಕರ್ಮಣಿ ಎಂದರೆ ಬರೀ ಮೋಸ ಎಂದು ತಿಳಿಯುವುದೂ ಸರಿಯಲ್ಲ. ಬಾಬಾಸಾಹೇಬರು ಕರಡು ಸಮಿತಿಯ ಅಧ್ಯಕ್ಷರಾಗಿ ರೂಪಿಸಿದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕುವುದು ಕರ್ಮಣಿ ವಾಕ್ಯದಲ್ಲೇ. ಅಲ್ಲಿ ಕರ್ತೃವಿನ ಹೆಸರಿಲ್ಲದಿರುವುದು ಅಡಗುವುದಕ್ಕಲ್ಲ. ಯಾವ ಒಬ್ಬನ ಔದಾರ್ಯದಿಂದಲೂ ಅಲ್ಲ, ಕಾನೂನಿನಿಂದಲೇ ಅದು ಹೋಯಿತು ಎನ್ನುವುದಕ್ಕೆ. ಎರಡು ಕರ್ಮಣಿಗಳ ನಡುವಿನ ಈ ವ್ಯತ್ಯಾಸ ಓದಲು ಬರದವನಿಗೆ ಆರ್ಡರು, ತೀರ್ಪು, ಎಫ್‌ಐಆರು ಯಾವುದೂ ಓದಲು ಬರುವುದಿಲ್ಲ.

ಹಾಗಾದರೆ ಇಷ್ಟು ಸಂಗತಿಗಳಿದ್ದೂ ಹುಡುಗರು ಬಾಯಿ ಬಿಡುವುದಿಲ್ಲ ಯಾಕೆ? ಅವರ ಬಾಯಿ ಇಂಗ್ಲಿಷಿಗಿಂತ ಮೊದಲೇ ಕನ್ನಡದಲ್ಲಿ ಮುಚ್ಚಿಸಲ್ಪಟ್ಟಿದೆ (ನೋಡಿ, ನಾನೂ ಕರ್ಮಣಿ ಬಳಸಿದೆ, ಮುಚ್ಚಿಸಿದವರು ಮೇಷ್ಟ್ರುಗಳು). 'ಹಾಲು' ಅನ್ನೋ, 'ಆಲು' ಅಲ್ಲ ಎಂದು ಒಂದನೇ ಕ್ಲಾಸಿನಿಂದ ಗೇಲಿ. ಪಂಪನ ಕಾಲದಲ್ಲಿ ಅದು 'ಪಾಲ್' ಆಗಿತ್ತು. 'ಪ' ಹೋಗಿ 'ಹ' ಆದದ್ದು ಶುದ್ಧ, 'ಹ' ಹೋಗಿ 'ಅ' ಆದದ್ದು ಅಶುದ್ಧ! ಇಂಗ್ಲಿಷಿನ ಶುದ್ಧಿಯ ಕತೆಯೂ ಬೇರೆಯಲ್ಲ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಎಂಬ ಪಾದ್ರಿ ಶೇಕ್ಸ್‌ಪಿಯರನಲ್ಲೂ ಮಿಲ್ಟನ್ನನಲ್ಲೂ ತಪ್ಪು ಹುಡುಕಿದ. ಎರಡು ನಿಷೇಧ ಒಂದನ್ನೊಂದು ಹೊಡೆಯುತ್ತವೆ ಎಂದವನು ಅವನು. ಜನಸಾಮಾನ್ಯರು, ಅಮೆರಿಕದ ಕರಿಯರು ಅದನ್ನು ಇವತ್ತಿಗೂ ಬಳಸುತ್ತಾರೆ. ಅವರ ಮಾತಿಗೂ ಪಕ್ಕಾ ನಿಯಮಗಳಿವೆ ಎಂದು ವಿಲಿಯಂ ಲೆಬೋವ್ 1960ರ ದಶಕದಲ್ಲಿ ಹಾರ್ಲೆಮ್‌ನ ಹುಡುಗರ ಮಾತು ಕೇಳಿ ತೋರಿಸಿದರು.

ಇದನ್ನು ಕೇಳಿ 'ಹಂಗಾದ್ರೆ ಗ್ರಾಮರ್ ಯಾಕೆ, ಸ್ಪೋಕನ್ ಇಂಗ್ಲಿಷ್ ಸಾಕು' ಎನ್ನುವ ಗೆಳೆಯರಿದ್ದಾರೆ. ಅವರ ಜೊತೆ ನನ್ನದು ಜಗಳ. ಬಾಬಾಸಾಹೇಬರಿಗೆ ಶಾಲೆಯಲ್ಲಿ ಸಂಸ್ಕೃತ ಕೊಡಲಿಲ್ಲ, ಪರ್ಶಿಯನ್ ತೆಗೆದುಕೊಳ್ಳಬೇಕಾಯಿತು. ವ್ಯಾಕರಣವನ್ನು ಯಾರಿಂದ ಮುಚ್ಚಿಟ್ಟರು ಎಂಬುದು ನಮಗೆ ಗೊತ್ತಿರುವ ವಿಷಯ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯ ಬೂಸಾ ಎಂದು, ದಲಿತರು ಇಂಗ್ಲಿಷ್ ಕಲಿಯಲಿ ಎಂದು ಹೇಳಿ ಮಂತ್ರಿಗಿರಿ ಕಳೆದುಕೊಂಡರು. ಬೂಸಾ ಎಂಬ ಮಾತಿನ ಬಗ್ಗೆ ರಾಶಿ ರಾಶಿ ಬರೆದ ನಾವು ಇಂಗ್ಲಿಷನ್ನು ಹೇಗೆ ಕಲಿಸಬೇಕು ಎಂಬ ಎರಡನೇ ಮಾತನ್ನು ಟ್ಯುಟೋರಿಯಲ್‌ಗಳಿಗೆ ಬಿಟ್ಟುಕೊಟ್ಟೆವು. 2010ರಲ್ಲಿ ಚಂದ್ರಭಾನ್ ಪ್ರಸಾದ್ ಉತ್ತರ ಪ್ರದೇಶದ ಬಂಕಾ ಹಳ್ಳಿಯಲ್ಲಿ ಇಂಗ್ಲಿಷ್ ದೇವಿಗೆ ಗುಡಿ ಕಟ್ಟಿಸಲು ಹೊರಟರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ದೇವಿಗೆ ಕೈ ಮುಗಿದರೆ 'ಡಿಡ್ ನಾಟ್ ವೆಂಟ್' ಹೋಗುವುದಿಲ್ಲ.

ಸುತ್ತಿನ ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳಿಗೆ ನನ್ನ 'ಹೋಗಲಿಲ್ಲ'ದ ಉಪಾಯವೂ ಅರ್ಧವೇ. ಅವರ ಮನೆಮಾತು ರಾಜಸ್ಥಾನದ ಕಡೆಯ ಭಾಷೆಗಳ ಬಳಗದ್ದು, ಕನ್ನಡವೇ ಅವರಿಗೆ ಎರಡನೆಯದು. ಈ ವರ್ಷ ಬೋರ್ಡನ್ನು ಮೂರು ಪಾಲು ಮಾಡಿದ್ದೇನೆ. ಮೊದಲ ಪಾಲಿನಲ್ಲಿ ಅವರೇ ಬಂದು ತಮ್ಮ ಮಾತಿನ ವಾಕ್ಯವನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ, ಯಾವ ಪದ ಏನು ಕೆಲಸ ಮಾಡುತ್ತದೆ ಎಂದು ನಮಗೆಲ್ಲ ಬಿಡಿಸಿ ಹೇಳುತ್ತಾರೆ. ನಡುವಿನದು ಕನ್ನಡ, ಕೊನೆಯದು ಇಂಗ್ಲಿಷ್. ಸಿಲಬಸ್ಸು ನಿಧಾನವಾಗಿ ಸಾಗುತ್ತಿದೆ.