ಶಸ್ತ್ರವೂ ವಿಧೇಯತೆಯೂ

ಆಯುಧ ಹಿಡಿದವನು ಆಯುಧವಿಲ್ಲದವನ ಅಪ್ಪಣೆಯನ್ನು ಪಾಲಿಸುವುದೇಕೆ? ನಮ್ಮ ದೇಶದಲ್ಲಿ ಮತೀಯ ಗಲಭೆಗಳು ಏಕೆ ಹಬ್ಬುವುವು, ಏಕೆ ಅಡಗುವುವು ಎಂಬುದನ್ನು ಶೋಧಿಸಿ 2004ರಲ್ಲಿ ಗ್ರಂಥ ಬರೆದ ಸ್ಟೀವನ್ ವಿಲ್ಕಿನ್ಸನ್ನರು, ಯೇಲ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿ, 2015ರ ಗ್ರಂಥದಲ್ಲಿ ಈ ಪ್ರಶ್ನೆಯನ್ನೆತ್ತಿಕೊಂಡರು. ನಮ್ಮ ಸೇನೆಯ ವಿಧೇಯತೆಯು ಆಕಸ್ಮಿಕವಲ್ಲ, ಆರಂಭದಿಂದಲೂ ವಹಿಸಿದ ಎಚ್ಚರಿಕೆಯ ಫಲವೆಂಬುದು ಅವರ ಅಭಿಪ್ರಾಯ. ದಿಲ್ಲಿಯಲ್ಲಿ ಸರ್ವಸೇನಾಧಿಪತಿಗಳಿದ್ದ ಬಂಗಲೆಯು 1948ರಲ್ಲಿ ಪ್ರಧಾನಮಂತ್ರಿಯ ನಿವಾಸವಾಯಿತು. 1955ರಲ್ಲಿ ಆ ಪದವಿಯೇ ಲೋಪವಾಯಿತು.

1958ರಲ್ಲಿ ಪಾಕಿಸ್ತಾನದ ಸೇನಾಪತಿ ಅಯೂಬ್ ಖಾನನು ರಾಜ್ಯವನ್ನೇ ವಶಪಡಿಸಿಕೊಂಡನು. ಮರುವರ್ಷ ನಮ್ಮ ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಜನರಲ್ ತಿಮ್ಮಯ್ಯನವರು, ರಕ್ಷಣಾಮಂತ್ರಿಯೊಡನೆ ಮನಸ್ತಾಪವುಂಟಾಗಲು, ರಾಜೀನಾಮೆಯ ಕಾಗದವನ್ನು ಬರೆದರು. ನೆಹರೂರವರು ಒಡಂಬಡಿಸಲು ಹಿಂದಕ್ಕೆ ಪಡೆದರು. ಮಕ್ಕಳಿಗೆ ಯುದ್ಧದ ಕಥೆಗಳನ್ನು ಹೇಳುವ ಗೃಹಸ್ಥರು ಈ ಕಾಗದದ ಕಥೆಯನ್ನೂ ಹೇಳಬೇಕು.