ಮುಂದಿನ ಪೆಟ್ರೋಲ್ ಬಂಕ್ 365 ಕಿ.ಮೀ.

ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ತಾಂಡಿ ಅಂತ ಒಂದು ಪುಟ್ಟ ಊರಿದೆ. ಚಂದ್ರಾ ಮತ್ತು ಭಾಗಾ ಎಂಬ ಎರಡು ನದಿಗಳು ಕೂಡುವ ಜಾಗ ಅದು. ಮನಾಲಿಯಿಂದ ಲೇಹ್‌ಗೆ ಹೊರಟ ಬೈಕಿನವರು ಅಲ್ಲಿ ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಸಂಗಮದ ಎದುರಲ್ಲ, ಅಲ್ಲಿನ ಪೆಟ್ರೋಲ್ ಬಂಕಿನ ಬೋರ್ಡಿನ ಎದುರು! ‘ಮುಂದಿನ ಬಂಕ್ 365 ಕಿ.ಮೀ.’ ಎನ್ನುತ್ತಿತ್ತು ಆ ಬೋರ್ಡು. 2019ರ ಜುಲೈನಲ್ಲಿ ನಾನೂ ಅದರ ಎದುರು ಹೆಬ್ಬೆರಳು ಎತ್ತಿ ನಿಂತಿದ್ದೆ. ಆ ಫೋಟೊ ಈಗಲೂ ನನ್ನ ಫೋನಿನಲ್ಲಿದೆ. ನೋಡಿದಾಗಲೆಲ್ಲ ನಗು ಬರುತ್ತದೆ, ಜೊತೆಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ.

ನಾವು ಹೋಗಿದ್ದು ಮೂವರು, ಎರಡು ಬೈಕುಗಳಲ್ಲಿ. ನನ್ನದು ಸಾಲ ಮಾಡಿ ಕೊಂಡಿದ್ದ 400 ಸಿಸಿ ಬೈಕು. ಹಿಂದಿನ ಸೀಟಿನಲ್ಲಿ ಬೆಂಗಳೂರಿನ ಆಫೀಸಿನ ಗೆಳೆಯ. ಇನ್ನೊಂದು ಬೈಕು ಚಿಕ್ಕಪ್ಪನ ಮಗನದು. ಅವನು ಅರಸೀಕೆರೆ ಕಡೆ ಹಳ್ಳಿ ಹಳ್ಳಿ ತಿರುಗಿ ಕೊಬ್ಬರಿ ವ್ಯಾಪಾರ ಮಾಡುವವನು. ದಿನವೂ ವ್ಯಾಪಾರಕ್ಕೆ ಓಡಿಸುವ ಅದೇ ಹಳೆಯ ಪಲ್ಸರ್ 150 ಅನ್ನು ಲಡಾಖ್‌ಗೂ ತರುತ್ತೇನೆ ಅಂದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡಿದ್ದೆವು. ‘ಘಾಟಿ ಹತ್ತುತ್ತೇನೋ ಅದು?’ ಅಂತ ಕೇಳಿದ್ದೆ. ‘ನಿಧಾನಕ್ಕೆ ಹತ್ತುತ್ತೆ ಕಣಣ್ಣ’ ಅಂದಿದ್ದ.

ಬೈಕುಗಳನ್ನು ಚಂಡೀಗಢದವರೆಗೆ ರೈಲಿನಲ್ಲಿ ಪಾರ್ಸೆಲ್ ಮಾಡಿದೆವು. ಹಾಗೆ ಕಳಿಸುವ ಮುಂಚೆ ಟ್ಯಾಂಕಿನಲ್ಲಿರುವ ಪೆಟ್ರೋಲನ್ನೆಲ್ಲ ತೆಗೆಯಬೇಕು. ಸ್ಟೇಷನ್ ಹೊರಗೆ ಕೂತು ಪೈಪಿನಲ್ಲಿ ಪೆಟ್ರೋಲ್ ಇಳಿಸುವಾಗಲೇ ತಮ್ಮ ಕಿಸೆಯಿಂದ ಒಂದು ಪುಟಾಣಿ ನೋಟ್‌ಬುಕ್ ತೆಗೆದು ಏನೋ ಗೀಚಿಕೊಂಡ. ಪೆಟ್ರೋಲ್ ಹಾಕಿಸಿದ ದಿನ, ಮೀಟರಿನ ಓದು, ಎಷ್ಟು ಲೀಟರ್, ಎಷ್ಟು ರೂಪಾಯಿ. ವರ್ಷಗಳಿಂದ ಹೀಗೇ ಬರೆಯುತ್ತಾನಂತೆ. ‘ಕೊಬ್ಬರಿಯಲ್ಲಿ ಬರೋ ಲಾಭದಲ್ಲಿ ಪೆಟ್ರೋಲು ಕಳೆದರೆ ಉಳಿಯೋದೆಷ್ಟು ಅಂತ ಗೊತ್ತಾಗಬೇಕಲ್ಲಣ್ಣ?’ ಇಂಜಿನಿಯರಿಂಗ್ ಓದಿದ ನನಗೆ ಅದು ಕಿರಾಣಿ ಅಂಗಡಿಯ ಲೆಕ್ಕದಂತೆ ಕಂಡಿತ್ತು.

ನನ್ನ ಲೆಕ್ಕ ಬೇರೆಯೇ ಇತ್ತು. ನನ್ನ ಬೈಕು ಲೀಟರಿಗೆ 32 ಕಿ.ಮೀ. ಕೊಡುತ್ತದೆ, ಟ್ಯಾಂಕು 13 ಲೀಟರ್, ಗುಣಿಸಿದರೆ 416. ಬೋರ್ಡಿನ ಪ್ರಕಾರ ಲೇಹ್ 365 ಕಿ.ಮೀ. ಸಾಲದ್ದಕ್ಕೆ ಲೇಹ್‌ಗೆ 35 ಕಿ.ಮೀ. ಮೊದಲೇ ಕಾರು ಎಂಬ ಊರಿನಲ್ಲಿ ಒಂದು ಬಂಕು ಇದೆ. ಅಂದರೆ ಓಡಬೇಕಾದದ್ದು 330. ಇಷ್ಟಕ್ಕೆ ಡಬ್ಬ ಯಾಕೆ? ತಮ್ಮ ಮಾತ್ರ ಮನಾಲಿಯಲ್ಲೇ ಐದು ಲೀಟರಿನ ಒಂದು ಗಟ್ಟಿ ಕ್ಯಾನು ಕೊಂಡು, ತಾಂಡಿಯಲ್ಲಿ ತುಂಬಿಸಿ, ಹಿಂದಿನ ಸೀಟಿಗೆ ಹಗ್ಗದಲ್ಲಿ ಬಿಗಿದ. ‘ಸೀಮೆಎಣ್ಣೆ ಗಾಡಿ ಬಂತು’ ಅಂತ ನಾನೂ ಗೆಳೆಯನೂ ದಾರಿಯುದ್ದಕ್ಕೂ ರೇಗಿಸಿದ್ದೇ ರೇಗಿಸಿದ್ದು. ಅವನು ಸುಮ್ಮನೆ ನಗುತ್ತಿದ್ದ.

ಸೋರಿ ಹೋದ ಲೆಕ್ಕ

ಮೊದಲ ಪೆಟ್ಟು ಬಿದ್ದದ್ದು ದಾರ್ಚಾದ ಹತ್ತಿರ. ಗೆಳೆಯನ ಬ್ಯಾಗು ಎಲ್ಲೋ ಕಳಚಿ ಬಿದ್ದಿತ್ತು. ಹುಡುಕಿಕೊಂಡು 14 ಕಿ.ಮೀ. ಹಿಂದಕ್ಕೆ ಹೋಗಿ, ಮತ್ತೆ ಅಷ್ಟೇ ದೂರ ಬಂದೆವು. ಬ್ಯಾಗು ಸಿಕ್ಕಿತು, 28 ಕಿ.ಮೀ. ಪೆಟ್ರೋಲು ಹೋಯಿತು. ಆ ಹೊತ್ತಿಗೆ ಅದು ಯಾರ ತಲೆಗೂ ಹೊಳೆಯಲಿಲ್ಲ.

ಬಾರಾಲಾಚಾ ಲಾ ದಾಟಿ ಸರ್ಚುವಿನ ಟೆಂಟಿನಲ್ಲಿ ರಾತ್ರಿ ಕಳೆದೆವು. ಆ ಎತ್ತರದಲ್ಲಿ ಗೆಳೆಯನಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದಾಗ ತಲೆನೋವು ಅಂದ. ಗಾಟಾ ಲೂಪ್ಸ್‌ನ 21 ತಿರುವುಗಳನ್ನು ಒಂದು, ಎರಡನೇ ಗೇರಿನಲ್ಲೇ ಹತ್ತಿದೆವು. ಪಾಂಗ್ ಇನ್ನೂ ದೂರ ಇರುವಾಗಲೇ ದಾರಿ ಕುಸಿದು ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಸುಮಾರು ಒಂದೂವರೆ ಗಂಟೆ ಅವುಗಳ ಹಿಂದೆ ಇಂಜಿನ್ ಆರಿಸದೆ ತೆವಳಿದ್ದೇ ಆಯಿತು.

ಪಾಂಗ್‌ನಲ್ಲಿ ಚಹಾಕ್ಕೆ ನಿಂತಾಗ ಪೆಟ್ರೋಲ್ ಗೇಜಿನಲ್ಲಿ ಉಳಿದದ್ದು ಎರಡೇ ಗೆರೆ. ತಮ್ಮ ಅದನ್ನು ನೋಡಿದ. ‘ಅಣ್ಣಾ, ಡಬ್ಬದ್ದು ಇಲ್ಲೇ ಸುರಿದುಬಿಡ್ಲಾ?’ ಅಂದ. ಅಲ್ಲಿ ಬಾಟಲಿಯಲ್ಲಿ ದುಬಾರಿ ಬೆಲೆಗೆ ಪೆಟ್ರೋಲ್ ಮಾರುವವರೂ ಇದ್ದರು. ನಾನು ಯಾವುದಕ್ಕೂ ಒಪ್ಪಲಿಲ್ಲ. ‘ಬೇಡ ಬಿಡೋ, ಕಾರು ತನಕ ಆರಾಮಾಗಿ ಬರುತ್ತೆ’ ಅಂದುಬಿಟ್ಟೆ. ಎರಡು ದಿನದಿಂದ ಯಾವ ಡಬ್ಬವನ್ನು ನೋಡಿ ನಕ್ಕಿದ್ದೆನೋ ಅದರಿಂದಲೇ ಸುರಿಸಿಕೊಳ್ಳುವುದು ಹೇಗೆ?

ಪಾಂಗ್ ದಾಟಿ ಘಾಟಿ ಹತ್ತಿದರೆ ಮೋರೆ ಬಯಲು. ಸಮುದ್ರ ಮಟ್ಟದಿಂದ 4,700 ಮೀಟರ್ ಎತ್ತರದಲ್ಲಿ ನಮ್ಮ ಚಿತ್ರದುರ್ಗದ ಹೆದ್ದಾರಿಯ ಹಾಗೆ ಸಪಾಟಾದ ರಸ್ತೆ! ಗೆಳೆಯನನ್ನು ಬೇಗ ಕೆಳಗೆ ಇಳಿಸಬೇಕು ಎಂಬುದು ಒಂದು ಕಾರಣ, ಎರಡು ದಿನದ ಮೇಲೆ ಸಿಕ್ಕ ಡಾಂಬರು ಇನ್ನೊಂದು. ವೇಗ ನೂರು ದಾಟಿತು. ಪಲ್ಸರ್ ಕನ್ನಡಿಯಲ್ಲಿ ಚುಕ್ಕೆಯಾಗಿ, ಆಮೇಲೆ ಕಾಣದೇ ಹೋಯಿತು.

ತಂಗ್ಲಂಗ್ ಲಾ ಏರುವಾಗ ಬೈಕು ಎರಡು ಸಲ ಕೆಮ್ಮಿ ನಿಂತಿತು. ತುದಿ ಮುಟ್ಟಲು ಇನ್ನೂ ಏಳೆಂಟು ಕಿ.ಮೀ. ಇತ್ತು. ಟ್ರಿಪ್ ಮೀಟರ್ 283 ತೋರಿಸುತ್ತಿತ್ತು.

ಆ ಇಪ್ಪತ್ತೈದು ನಿಮಿಷ

ಹೊತ್ತು ಇಳಿಯುತ್ತಿತ್ತು. ಗಾಳಿ ಕೈಗವಸಿನೊಳಗೂ ನುಗ್ಗುತ್ತಿತ್ತು. ಗೆಳೆಯ ಬೈಕಿನಿಂದ ಇಳಿದವನೇ ರಸ್ತೆ ಬದಿಯಲ್ಲಿ ಕೂತು ವಾಂತಿ ಮಾಡಿಕೊಂಡ. ಮೊಬೈಲಿಗೆ ಸಿಗ್ನಲ್ ಇಲ್ಲ. ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದು ಅಂತ ಓದಿದ್ದೆ. ಆದರೆ ಕೆಳಗಿಳಿಯಲು ಮೊದಲು ಮೇಲೆ ಹತ್ತಬೇಕಿತ್ತು, ಹತ್ತಲು ಪೆಟ್ರೋಲು ಬೇಕಿತ್ತು. ಪೆಟ್ರೋಲು ಇದ್ದದ್ದು ನಾನು ಹಿಂದೆ ಬಿಟ್ಟು ಬಂದವನ ಹತ್ತಿರ. ಗೆಳೆಯನಿಗೆ ನನ್ನ ಜಾಕೆಟ್ ಹೊದಿಸಿ, ನೀರು ಕುಡಿಸುತ್ತಾ, ಕೆಳಗಿನ ತಿರುವನ್ನೇ ನೋಡುತ್ತಾ ನಿಂತೆ. ‘ಅವನ ಗಾಡಿಯೂ ಎಲ್ಲಾದರೂ ನಿಂತಿದ್ದರೆ?’ ಎಂದು ಗೆಳೆಯ ಕೇಳಿದ. ನನ್ನ ಬಳಿ ಉತ್ತರ ಇರಲಿಲ್ಲ.

ಇಪ್ಪತ್ತೈದು ನಿಮಿಷದ ಮೇಲೆ ಪಲ್ಸರ್ ಬಂತು. ಮೊದಲ ಗೇರಿನಲ್ಲಿ, ಕಪ್ಪು ಹೊಗೆ ಬಿಡುತ್ತಾ, ಮುದುಕರು ಮೆಟ್ಟಿಲು ಹತ್ತುವ ಹಾಗೆ. ತಮ್ಮ ಏನೂ ಕೇಳಲಿಲ್ಲ. ಹಗ್ಗ ಬಿಚ್ಚಿ ಡಬ್ಬ ಇಳಿಸಿದ. ಮುಚ್ಚಳ ತಿರುಗಿಸಿದ ಕೂಡಲೇ ‘ಉಸ್ಸ್’ ಅಂತ ಒಳಗಿನ ಒತ್ತಡ ಹೊರಬಂತು. ‘ಸುರ್ಕೊಳ್ಳಣ್ಣ’ ಅಂದ. ಅಷ್ಟೇ. ಸೀಮೆಎಣ್ಣೆಯ ಮಾತನ್ನು ಎತ್ತಲೇ ಇಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಅಂತ ಆಗ ಅನ್ನಿಸಿತು.

ಐದು ಲೀಟರ್ ಒಳಗೆ ಬಿದ್ದ ಮೇಲೆ ಮೂರು ನಾಲ್ಕು ಸಲ ಕೀ ತಿರುಗಿಸಿ, ಪಂಪು ಗುಯ್‌ಗುಟ್ಟುವುದನ್ನು ಕೇಳಿ, ಸೆಲ್ಫ್ ಒತ್ತಿದೆ. ಬೈಕು ಎದ್ದಿತು. 17,582 ಅಡಿ ಎಂದು ಬರೆದಿದ್ದ ತಂಗ್ಲಂಗ್ ಲಾ ಬೋರ್ಡಿನ ಎದುರು ಯಾರೂ ಫೋಟೊ ತೆಗೆಸಿಕೊಳ್ಳಲಿಲ್ಲ. ನೇರ ಇಳಿದೆವು. ರುಮ್ತ್ಸೆ ದಾಟಿ, ಉಪ್ಶಿಯಲ್ಲಿ ಸಿಂಧೂ ನದಿ ಕಾಣುವಷ್ಟರಲ್ಲಿ ಗೆಳೆಯ ‘ಹಸಿವಾಗ್ತಿದೆ’ ಅಂದ. ಆಗ ನನಗೂ ಉಸಿರು ಬಂತು.

ತಪ್ಪಿದ್ದೆಲ್ಲಿ?

ಗುಣಾಕಾರದಲ್ಲಿ ತಪ್ಪಿರಲಿಲ್ಲ. 32 ಎಂಬ ಸಂಖ್ಯೆಯೇ ಬೇರೆ ರಸ್ತೆಯದು. ನಾನೊಬ್ಬನೇ, ಲಗೇಜಿಲ್ಲದೆ, ಬೆಂಗಳೂರು–ಹಾಸನ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋದಾಗ ಬಂದ ಮೈಲೇಜು ಅದು. ಲಡಾಖ್ ದಾರಿಯಲ್ಲಿ ಇಬ್ಬರು ಕೂತಿದ್ದೆವು, ಎರಡೂ ಬದಿಗೆ ದಪ್ಪ ಬ್ಯಾಗುಗಳಿದ್ದವು. 283 ಅನ್ನು 13ರಿಂದ ಭಾಗಿಸಿದರೆ ಸಿಕ್ಕದ್ದು 22ಕ್ಕಿಂತಲೂ ಕಡಿಮೆ.

ವೇಗದ ಲೆಕ್ಕ ಇನ್ನೂ ಕಟು. ಗಾಳಿ ಒಡ್ಡುವ ತಡೆ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚುವುದು ಕಾಲು ಭಾಗ, ಗಾಳಿಯ ತಡೆ ಹೆಚ್ಚುವುದು ಅರ್ಧಕ್ಕೂ ಮಿಗಿಲು. ಓದಿದವರಿಗೆಲ್ಲ ಗೊತ್ತಿರುವ ವಿಷಯವೇ. ಪರೀಕ್ಷೆಯಲ್ಲಿ ಬರೆಯುತ್ತೇವೆ, ಆಕ್ಸಿಲರೇಟರ್ ಹಿಡಿದಾಗ ಮರೆಯುತ್ತೇವೆ.

ಎತ್ತರವೂ ತನ್ನ ಪಾಲು ಕೇಳುತ್ತದೆ. 5 ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಹೆಚ್ಚುಕಡಿಮೆ ಅರ್ಧ. ಕಾರ್ಬ್ಯುರೇಟರಿನ ಬೈಕಿಗೆ ಇದು ಗೊತ್ತಾಗುವುದಿಲ್ಲ. ಗಾಳಿ ಕಡಿಮೆಯಾದ ಪ್ರಮಾಣದಲ್ಲಿ ಪೆಟ್ರೋಲನ್ನು ಕಡಿಮೆ ಮಾಡುವುದಿಲ್ಲ, ಅದು ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಪಲ್ಸರ್ ಒದ್ದಾಡಿದ್ದು ಅದಕ್ಕೇ. ನನ್ನ ಫ್ಯುಯೆಲ್ ಇಂಜೆಕ್ಷನ್ ಬೈಕು ಗಾಳಿಗೆ ತಕ್ಕಂತೆ ಪೆಟ್ರೋಲು ಕಡಿಮೆ ಮಾಡಿಕೊಳ್ಳುತ್ತದೆ. ಆದರೂ ಶಕ್ತಿ ಕುಂದುತ್ತದೆ, ಕೆಳಗಿನ ಗೇರಿನಲ್ಲಿ ಹಿಂಡಬೇಕಾಗುತ್ತದೆ.

ಕಂಪನಿಗಳು ಹೇಳುವ ಮೈಲೇಜನ್ನೂ ಹೀಗೇ ನೋಡಬೇಕು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಬೈಕು ರೋಲರಿನ ಮೇಲೆ ನಿಗದಿತ ವೇಗದ ಪಟ್ಟಿಯಂತೆ ಓಡುತ್ತದೆ. ಒಂದು ಬೈಕನ್ನು ಇನ್ನೊಂದರ ಜೊತೆ ಹೋಲಿಸಲು ಅದು ಸರಿ. ಅದನ್ನೇ ನಂಬಿ ಘಾಟಿ ಹತ್ತುವುದು ಸರಿಯಲ್ಲ.

ಟೂರಿಂಗ್ ಬೈಕು ಅಂದರೆ ದೊಡ್ಡ ಇಂಜಿನ್ ಅಂತ ನಾನು ತಿಳಿದಿದ್ದೆ. ಒಂದು ಟ್ಯಾಂಕಿಗೆ ಎಷ್ಟು ದೂರ ಎನ್ನುವುದು ಟ್ಯಾಂಕು ಮತ್ತು ಮೈಲೇಜು ಎರಡನ್ನೂ ಗುಣಿಸಿ ಬರುವ ಉತ್ತರ. ಬಿಎಂಡಬ್ಲ್ಯೂ ಆರ್ 1250 ಜಿಎಸ್ ಅಡ್ವೆಂಚರ್ 30 ಲೀಟರಿನ ಟ್ಯಾಂಕು ಹೊತ್ತು ದೂರ ಹೋಗುತ್ತದೆ. ಹೋಂಡಾ ಗೋಲ್ಡ್‌ವಿಂಗ್ 2018ರಲ್ಲಿ ಟ್ಯಾಂಕನ್ನು ಸುಮಾರು 25 ಲೀಟರಿನಿಂದ 21ಕ್ಕೆ ಇಳಿಸಿತು, ಮೈಲೇಜು ಹೆಚ್ಚಿಸಿ ಆ ಕೊರತೆ ತುಂಬಿಕೊಳ್ಳುವ ಲೆಕ್ಕ ಅದರದು. ಇಷ್ಟೆಲ್ಲದರ ನಡುವೆ ಪಲ್ಸರ್ 150ರ ಟ್ಯಾಂಕು ಎಷ್ಟು ಗೊತ್ತೇ? 15 ಲೀಟರ್. ನನ್ನ 400 ಸಿಸಿಗಿಂತ ಎರಡು ಲೀಟರ್ ಹೆಚ್ಚು! ಅಂದು ನಮ್ಮಲ್ಲಿದ್ದ ನಿಜವಾದ ದೂರದ ಗಾಡಿ ಕೊಬ್ಬರಿ ವ್ಯಾಪಾರಿಯದೇ.

ಡಬ್ಬ ಯಾರಿಗೆ?

ಕಾರುವಿನ ಬಂಕಿನಲ್ಲಿ ಇಬ್ಬರೂ ಟ್ಯಾಂಕು ತುಂಬಿಸಿದೆವು. ತಮ್ಮ ನೋಟ್‌ಬುಕ್ ತೆಗೆದು ಬರೆದುಕೊಂಡ. ನಾನು ಇಣುಕಿದೆ. ತಾಂಡಿಯಿಂದ 332 ಕಿ.ಮೀ., ಹಿಡಿಸಿದ ಪೆಟ್ರೋಲು 8.5 ಲೀಟರ್. ಹೊಗೆ ಉಗುಳುತ್ತಾ ಬಂದರೂ ಲೀಟರಿಗೆ 39! ಹಾಗಾದರೆ ಅವನ ಟ್ಯಾಂಕಿನಲ್ಲಿ ಇನ್ನೂ ಆರೂವರೆ ಲೀಟರ್ ಉಳಿದಿತ್ತು. ಲೇಹ್ ಮುಟ್ಟಿ ವಾಪಸ್ ಮೋರೆ ಬಯಲಿಗೆ ಬರುವಷ್ಟು.

‘ಮತ್ತೆ ಡಬ್ಬ ಯಾಕೋ ತಂದೆ?’ ಅಂತ ಕೇಳಿದೆ.

‘ನನ್ ಗಾಡಿಗೆ ಯಾಕಣ್ಣ ಬೇಕು ಡಬ್ಬ? ಚಂಡೀಗಢದಿಂದ ಮನಾಲಿಗೆ ಬರೋವಾಗ ನೀನು ಎರಡು ಸಲ ಪೆಟ್ರೋಲ್ ಹಾಕಿಸಿದ್ಯಲ್ಲ, ಅದನ್ನೂ ಬರೆದಿದ್ದೆ. ಇಪ್ಪತ್ತಾರು ಬಂದಿತ್ತು. ಹೇಳಿದ್ರೆ ನೀನು ಕೇಳ್ತಿರಲಿಲ್ಲ’ ಅಂದ.

ತಾಂಡಿಯಿಂದ ತಂಗ್ಲಂಗ್ ಲಾ ಏರಿನವರೆಗೆ ಅವನು ಹೊತ್ತು ತಂದದ್ದು ನನ್ನ ಪೆಟ್ರೋಲು. ಅದನ್ನೇ ನೋಡಿ ನಾನು ನಗುತ್ತಿದ್ದೆ.

ಈಗ ನನ್ನ ಬಳಿಯೂ ಒಂದು ನೋಟ್‌ಬುಕ್ ಇದೆ. ದೂರ ಹೊರಡುವ ನಿಮಗೂ ಉಪಯೋಗವಾದೀತು ಅಂತ ಅದರಿಂದ ಕಲಿತ ಕೆಲವು ಮಾತು: ಟ್ಯಾಂಕ್ ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ಪೂರ್ತಿ ತುಂಬಿಸಿದಾಗ ಹಿಡಿಸಿದ ಲೀಟರಿನಿಂದ ಭಾಗಿಸಿದರಷ್ಟೇ ನಿಜವಾದ ಮೈಲೇಜು. ಎರಡೂ ಸಲ ಬೈಕನ್ನು ಒಂದೇ ರೀತಿ ನಿಲ್ಲಿಸಿ. ಸೈಡ್ ಸ್ಟ್ಯಾಂಡಿನಲ್ಲಿ ಒಮ್ಮೆ, ನೇರ ಒಮ್ಮೆ ಅಂತಾದರೆ ಲೆಕ್ಕ ಏರುಪೇರಾಗುತ್ತದೆ. ಗೇಜಿನ ಗೆರೆಗಳನ್ನು ನಂಬಬೇಡಿ, ಟ್ಯಾಂಕಿನ ಆಕಾರ ಕೆಳಗೆ ಒಂದು ಥರ, ಮೇಲೆ ಒಂದು ಥರ. ಟ್ರಿಪ್ ಮೀಟರ್ ನಂಬಿ. ಟಯರಿನ ಗಾಳಿ, ಚೈನಿನ ಎಣ್ಣೆ ನೋಡಿಕೊಳ್ಳಿ. ಡಬ್ಬ ಒಯ್ಯುವುದಾದರೆ ಪೆಟ್ರೋಲಿಗೆಂದೇ ಮಾಡಿದ ಕ್ಯಾನು ಇರಲಿ, ನೀರಿನ ಬಾಟಲಿ ಬೇಡವೇ ಬೇಡ. ಎತ್ತರಕ್ಕೆ ಹೋದಂತೆ ಆವಿ ಉಬ್ಬುತ್ತದೆ, ಮುಚ್ಚಳವನ್ನು ನಿಧಾನಕ್ಕೆ ತೆಗೆಯಿರಿ.

ಇನ್ನೊಂದು ನನ್ನದೇ ನಿಯಮ. ಗೊತ್ತಿಲ್ಲದ ದಾರಿಯಲ್ಲಿ, ಲೆಕ್ಕ ಮಾಡಿ ಬಂದ ದೂರದಲ್ಲಿ ಮೂರರಲ್ಲೊಂದು ಭಾಗ ಇಲ್ಲವೇ ಇಲ್ಲ ಅಂದುಕೊಳ್ಳುತ್ತೇನೆ. ಅಂದು 416ರಲ್ಲಿ ಹಾಗೆ ಕಳೆದಿದ್ದರೆ 277 ಉಳಿಯುತ್ತಿತ್ತು. ನನ್ನ ಬೈಕು ನಿಂತದ್ದು 283ಕ್ಕೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಮನೆ ಅಟ್ಟದ ಮೇಲೆ ಆ ಕ್ಯಾನು ಕಂಡಿತು. ಕೊಡ್ತೀಯೇನೋ ಅಂತ ತಮ್ಮನನ್ನು ಕೇಳಿದೆ. ‘ತಗೊಂಡ್ಹೋಗಣ್ಣ, ಸೀಮೆಎಣ್ಣೆ ತರೋಕೆ ಬೇಕಾಗುತ್ತೆ’ ಅಂದ. ಕೊನೆಗೂ ಹೇಳಿದನಲ್ಲ ಅಂತ ನಿರಾಳವಾಯಿತು.