ಅಕ್ಕ ಊಟ ಮಾಡಿದಳಾ?

ಇದು ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದ ಸಂಗತಿ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ಆದರೂ ಸಂಜೆ ಹೊತ್ತು ಮಗು ನೋಡಿಕೊಳ್ಳಲು ಯಾರನ್ನಾದರೂ ಗೊತ್ತುಮಾಡಿಕೊಳ್ಳುವ ಮನೆಗಳು ಈಗ ಬಹಳ ಇವೆ. ನನ್ನಂಥ ತಾತಂದಿರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ನನ್ನಾಕೆಗೆ ಮಂಡಿ ಆಪರೇಷನ್ ಆಗಿತ್ತು. ಮಗ, ಸೊಸೆ ಇಬ್ಬರೂ ಕೆಲಸ ಮುಗಿಸಿ ಬೆಂಗಳೂರಿನ ಟ್ರಾಫಿಕ್ ದಾಟಿ ಮನೆ ಸೇರುವಾಗ ರಾತ್ರಿ ಒಂಬತ್ತು ದಾಟುತ್ತಿತ್ತು. ಐದು ವರ್ಷದ ಮೊಮ್ಮಗನ ಹಿಂದೆ ಓಡಲು ನನ್ನ ಕೈಲಾಗದು. ಆಗ ಪಕ್ಕದ ರಸ್ತೆಯ ಪೀಜಿಯಲ್ಲಿದ್ದ ಒಬ್ಬ ಹುಡುಗಿ ಒಪ್ಪಿಕೊಂಡಳು. ರಾಯಚೂರು ಜಿಲ್ಲೆಯ ಹಳ್ಳಿಯವಳು, ಬಿ.ಕಾಂ. ಎರಡನೇ ವರ್ಷ. ನಾನೂ ಬಿ.ಕಾಂ. ಓದಿದವನೇ ಆದ್ದರಿಂದ ನನಗೆ ಅವಳ ಮೇಲೆ ಮೊದಲ ದಿನವೇ ಅಭಿಮಾನ.

ಸಂಜೆ ಐದರಿಂದ ಒಂಬತ್ತೂವರೆ. ತಿಂಗಳಿಗೆ ಆರು ಸಾವಿರ. ಭಾನುವಾರ ರಜೆ. ಎಲ್ಲವನ್ನೂ ಮಾತಾಡಿಕೊಂಡೆವು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು, ಒಂದು ಬಾಬತ್ತೂ ಬಿಡಲಿಲ್ಲ ಎಂದುಕೊಂಡಿದ್ದೆ. ಬಿಟ್ಟಿದ್ದೆ. ಅವಳ ರಾತ್ರಿ ಊಟದ ಮಾತನ್ನು ಯಾರೂ ಎತ್ತಿರಲಿಲ್ಲ.

ಬಂದ ಕೂಡಲೇ ಒಂದು ಲೋಟ ಕಾಫಿ, ಎರಡು ಬಿಸ್ಕತ್ತು ಕೊಡುತ್ತಿದ್ದೆವು. ಏಳೂವರೆಗೆ ಅವಳು ಪುಟ್ಟನಿಗೆ ಕಥೆ ಹೇಳುತ್ತ ಅನ್ನ ಸಾರು ತಿನ್ನಿಸುತ್ತಿದ್ದಳು. ಎಂಟಕ್ಕೆ ನಾನು, ನನ್ನಾಕೆ ರೂಮಿನಲ್ಲೇ ಊಟ ಮಾಡುತ್ತಿದ್ದೆವು. ಅವಳಿಗೆ ಪೀಜಿಯಲ್ಲಿ ಊಟ ಇದೆಯಲ್ಲ ಎಂದು ನಮಗೆ ನಾವೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದೆವು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಪುಟ್ಟ ಕೊನೆಯ ತುತ್ತಿಗೆ ಬಾಯಿ ತೆರೆಯಲಿಲ್ಲ. ಅವಳ ಕೈಯನ್ನು ಅವಳ ಬಾಯಿಯ ಕಡೆಗೇ ತಳ್ಳಿದ. "ಇದು ಅಕ್ಕನಿಗೆ. ಅಕ್ಕನ ಹೊಟ್ಟೆ ಗುರ್ರ್ ಅಂತು, ತಾತಾ, ನಾನು ಕೇಳಿಸಿಕೊಂಡೆ."

ಹುಡುಗಿಯ ಮುಖ ಕೆಂಪಾಯಿತು. "ಇಲ್ರೀ ಅಜ್ಜಾರ, ನನಗ ಹಸಿವಿಲ್ರಿ" ಎಂದಳು. ನಾನು ಬಿಡಲಿಲ್ಲ. ಎರಡು ಸಲ ಕೇಳಿದ ಮೇಲೆ ನಿಜ ಹೊರಬಂತು. "ಪೀಜಿಯೊಳಗ ಒಂಬತ್ತಕ್ಕ ಊಟ ಮುಗಿಸ್ತಾರ್ರಿ. ನಾ ಹೋಗೂದ್ರಾಗ ಪಾತ್ರಿ ತೊಳದಿರ್ತಾರ."

ಹಾಗಾದರೆ ಇಷ್ಟು ದಿನ? ಬೇಕರಿಯ ಬನ್ನು. ಬೇಕರಿ ಮುಚ್ಚಿದ್ದ ದಿನ ಅದೂ ಇಲ್ಲ.

ಅವತ್ತು ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ಇದನ್ನು ತಿಳಿಯದಿರಲು ನನಗೆ ಯಾವ ನೆಪವೂ ಇರಲಿಲ್ಲ. ನಾನು ವಾರಾನ್ನದ ಹುಡುಗ.

ಮಕ್ಕಳೇ, ವಾರಾನ್ನ ಎಂದರೆ ನಿಮಗೆ ಗೊತ್ತಿರಲಾರದು. ಹಳ್ಳಿಯಿಂದ ಪೇಟೆಗೆ ಓದಲು ಬಂದ ಬಡ ಹುಡುಗರು ವಾರದ ಒಂದೊಂದು ದಿನಕ್ಕೆ ಒಂದೊಂದು ಮನೆಯಲ್ಲಿ ಊಟ ಗೊತ್ತುಮಾಡಿಕೊಳ್ಳುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಬಹುಮಟ್ಟಿಗೆ ಅವರವರ ಜಾತಿಯ ಮನೆಗಳಲ್ಲೇ ಅದು ನಡೆಯುತ್ತಿತ್ತು ಎಂಬುದನ್ನೂ ಮುಚ್ಚಿಡಬಾರದು. ಮನೆ ಸಿಗದವರಿಗೆ ಹಾಸ್ಟೆಲುಗಳೋ, ತುಮಕೂರಿನ ಸಿದ್ಧಗಂಗೆಯಂಥ ಮಠಗಳ ದಾಸೋಹವೋ ಆಸರೆಯಾಗುತ್ತಿದ್ದವು.

1966ರಲ್ಲಿ ನಾನು ಮೈಸೂರಿನಲ್ಲಿ ಹೈಸ್ಕೂಲು ಓದುವಾಗ ಆ ಪದ್ಧತಿ ಮುಗಿಯುತ್ತ ಬಂದಿತ್ತು. ಆದರೂ ನನಗೆ ಐದು ಮನೆ ಸಿಕ್ಕಿದ್ದವು. ಸೋಮವಾರದ ಮನೆಯ ಅಮ್ಮ ನಾನು ಗೇಟು ತೆಗೆಯುವಾಗಲೇ "ಬಾರೋ, ಕೈಕಾಲು ತೊಳಕೋ" ಎಂದು ತಮ್ಮ ಮಕ್ಕಳ ಸಾಲಿನಲ್ಲೇ ತಟ್ಟೆ ಹಾಕುತ್ತಿದ್ದರು. ಗುರುವಾರದ ಮನೆಯಲ್ಲಿ ಎಲ್ಲರದ್ದೂ ಆದ ಮೇಲೆ ಹಿತ್ತಿಲ ಜಗಲಿಯಲ್ಲಿ ಊಟ. ಅನ್ನ ಎರಡೂ ಕಡೆ ಒಂದೇ. ಆದರೆ ಗುರುವಾರ ನನಗೆ ಹೊಟ್ಟೆ ತುಂಬಿದ ನೆನಪಿಲ್ಲ.

ಒಂದು ಮಂಗಳವಾರ ಹೋದರೆ ಮನೆಗೆ ಬೀಗ. ಪಾಪ, ಯಾವುದೋ ಅವಸರಕ್ಕೆ ಊರಿಗೆ ಹೋಗಿದ್ದರು, ನನಗೆ ಹೇಳಲು ಮರೆತಿದ್ದರು. ಬೀದಿ ನಲ್ಲಿಯ ನೀರು ಕುಡಿದು ಮಲಗಿದೆ. ಮರುದಿನವೂ ಆ ಮಾತನ್ನು ಯಾರಿಗೂ ಹೇಳಲಿಲ್ಲ. ಊಟ ಕೇಳಿದರೆ ಇರುವ ಮನೆಯೂ ತಪ್ಪಿಹೋದೀತು ಎಂಬ ಭಯ.

ಹಸಿದವರು ಬಾಯಿ ಬಿಟ್ಟು ಕೇಳುವುದಿಲ್ಲ. ಕೇಳಬೇಕಾದವರು ಮನೆಯವರು. ಇದು ನನಗೆ ಹದಿನೈದನೇ ವಯಸ್ಸಿನಲ್ಲೇ ಗೊತ್ತಿತ್ತು. ಎಪ್ಪತ್ತು ದಾಟುವಷ್ಟರಲ್ಲಿ ಮರೆತಿದ್ದೆ.

ಮರುದಿನ ಬೆಳಿಗ್ಗೆ ಮನೆಯವರೆಲ್ಲ ಕೂತು ಮಾತಾಡಿದೆವು. ಸೊಸೆ, "ನನಗೆ ಹೊಳೆಯಲೇ ಇಲ್ಲವಲ್ಲ ಮಾವ" ಎಂದು ಪೇಚಾಡಿದಳು. ಮಗ, "ಊಟಕ್ಕೆಂದು ಒಂದು ಸಾವಿರ ಜಾಸ್ತಿ ಕೊಟ್ಟುಬಿಡೋಣ" ಎಂದ. ನಾನು ಒಪ್ಪಲಿಲ್ಲ. ರಾತ್ರಿ ಒಂಬತ್ತೂವರೆಗೆ ಒಂಟಿ ಹುಡುಗಿ ದುಡ್ಡು ಹಿಡಿದು ಹೋಟೆಲು ಹುಡುಕಬೇಕೇ? ಅವಳು ನಮ್ಮ ಜೊತೆಯಲ್ಲೇ ಉಣ್ಣಲಿ, ಸಂಬಳದಲ್ಲಿ ಒಂದು ಪೈಸೆಯೂ ಹಿಡಿಯುವುದು ಬೇಡ ಎಂದು ತೀರ್ಮಾನವಾಯಿತು.

ಸಂಜೆ ಅವಳು ಬಂದಾಗ ಕೇಳಿದೆ: "ಏನು ತಿಂತೀಯಮ್ಮ? ಏನು ತಿನ್ನಲ್ಲ? ಒಗ್ಗದ್ದು ಏನಾದರೂ ಇದೆಯಾ?" ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಹಾಲು ನನಗ ಆಗಿಬರಂಗಿಲ್ರಿ. ಹೊಟ್ಟಿ ಉಬ್ಬರಿಸ್ತದ. ನೀವು ಕಾಫಿ ಕೊಟ್ರಿ, ಹೆಂಗ ಬ್ಯಾಡ ಅನ್ನೂದಂತ ಕುಡದೆ."

ನೋಡಿ! ಹತ್ತು ದಿನ ನಾವು ಉಪಚಾರ ಎಂದುಕೊಂಡು ಕೊಟ್ಟದ್ದು ಅವಳಿಗೆ ಹೊಟ್ಟೆನೋವು. ದೊಡ್ಡವರಾದ ಮೇಲೆ ಹಾಲಿನ ಸಕ್ಕರೆಯ ಅಂಶ, ಅಂದರೆ ಲ್ಯಾಕ್ಟೋಸ್, ಬಹಳ ಜನರಿಗೆ ಸರಿಯಾಗಿ ಜೀರ್ಣವಾಗುವುದಿಲ್ಲ. ಹಾಲು ಹೆಪ್ಪಾಗಿ ಮೊಸರಾದಾಗ ಆ ಅಂಶ ಕಡಿಮೆಯಾಗುತ್ತದೆ. ಹಾಗಾಗಿ ಮಜ್ಜಿಗೆ ಅವಳಿಗೆ ಒಗ್ಗುತ್ತಿತ್ತು. ಕಾಫಿ ಹೋಗಿ ನಿಂಬೆಹಣ್ಣಿನ ಟೀ ಬಂತು.

ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಊಟ ಬಡಿಸಿಟ್ಟರೆ ಸಾಲದು, ಉಣ್ಣಲು ಬಿಡುವನ್ನೂ ಕೊಡಬೇಕು. ಮಗು ಓಡಾಡುತ್ತಿರುವಾಗ ನೋಡಿಕೊಳ್ಳುವವರು ಕೂತು ಉಣ್ಣುವುದು ಹೇಗೆ? ಪುಟ್ಟನ ತಟ್ಟೆಯನ್ನೂ ಅವಳ ತಟ್ಟೆಯನ್ನೂ ಪಕ್ಕಪಕ್ಕ ಇಡತೊಡಗಿದೆವು. ನನ್ನಾಕೆ ವಾಕರ್ ಹಿಡಿದುಕೊಂಡು ಮೇಜಿನ ಬಳಿ ಬಂದು ಕೂರುತ್ತಿದ್ದಳು. ಅಕ್ಕನನ್ನು ನೋಡಿ ಪುಟ್ಟ ತಾನೇ ಕಲಸಿಕೊಂಡು ತಿನ್ನಲು ಕಲಿತ. ಕಥೆಯ ಲಂಚ ನಿಂತಿತು.

ಒಂದು ದಿನ ನಾವೆಲ್ಲ ಆಸ್ಪತ್ರೆಗೆ ಹೋಗಬೇಕಿತ್ತು. "ಫ್ರಿಜ್ಜಿನಲ್ಲಿ ಇರೋದನ್ನ ತಗೊಂಡು ತಿನ್ನು" ಎಂದು ಹೇಳಿ ಹೋದೆವು. ಬಂದು ನೋಡಿದರೆ ಏನನ್ನೂ ಮುಟ್ಟಿರಲಿಲ್ಲ. ಇನ್ನೊಬ್ಬರ ಮನೆಯ ಫ್ರಿಜ್ಜಿಗೆ ಕೈ ಹಾಕುವುದು ಸಂಕೋಚ. ಅಂದಿನಿಂದ ಹೊರಗೆ ಹೋಗುವಾಗ ಅವಳ ಪಾಲನ್ನು ಡಬ್ಬಿಗೆ ಹಾಕಿ, ಮೇಜಿನ ಮೇಲಿಟ್ಟು, "ಇದು ನಿನಗೆ" ಎಂದು ಚೀಟಿ ಬರೆದಿಡುವುದು ನನ್ನ ಕೆಲಸವಾಯಿತು.

ಊಟ ಮಾಡುತ್ತ ಅವಳು ತನ್ನ ಶಾಲೆಯ ಮಾತು ತೆಗೆಯುತ್ತಿದ್ದಳು. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಮೊದಲು ಶುರುವಾದದ್ದು ಅವರ ರಾಯಚೂರೂ ಸೇರಿದಂತೆ ಈಶಾನ್ಯ ಜಿಲ್ಲೆಗಳಲ್ಲೇ. "ಅಲ್ಲಿ ಯಾರನ್ನೂ ಕೇಳೂದು ಇರ್ತಿರಲಿಲ್ರಿ ಅಜ್ಜಾರ. ಗಂಟಿ ಹೊಡೀತಿತ್ತು, ಎಲ್ಲಾರೂ ಸಾಲಾಗಿ ಕೂಡ್ತಿದ್ವಿ" ಎಂದಳು. ಸರ್ಕಾರಿ ಶಾಲೆಯ ಗಂಟೆಗೆ ಗೊತ್ತಿದ್ದದ್ದು ನಮ್ಮ ಮನೆಗೆ ಗೊತ್ತಿರಲಿಲ್ಲವಲ್ಲ ಎಂದುಕೊಂಡೆ.

ದಸರಾ ರಜೆ ಮುಗಿಸಿ ಊರಿನಿಂದ ಬರುವಾಗ ಅವಳ ಅವ್ವ ಒಂದು ಕಟ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಳಿಸಿದ್ದರು. ಪುಟ್ಟ ಹಪ್ಪಳದಂತೆ ಕಟಕಟ ಮುರಿದ. ನನ್ನದು ಕಟ್ಟಿಸಿದ ಹಲ್ಲು. ಮಜ್ಜಿಗೆಯಲ್ಲಿ ನೆನೆಸಿಕೊಂಡು ತಿಂದೆ.

ಈಗ ನನ್ನಾಕೆ ಚೆನ್ನಾಗಿ ನಡೆಯುತ್ತಾಳೆ. ಹುಡುಗಿ ಕೊನೆಯ ವರ್ಷದ ಓದಿನಲ್ಲಿದ್ದಾಳೆ, ಭಾನುವಾರ ಸುಮ್ಮನೆ ಬಂದು ಹೋಗುತ್ತಾಳೆ. ಪುಟ್ಟನಿಗೆ ಮಾತ್ರ ಒಂದು ಅಭ್ಯಾಸ ಅಂಟಿಕೊಂಡಿದೆ. ಮೊನ್ನೆ ಫ್ಯಾನ್ ರಿಪೇರಿಗೆ ಬಂದವರು ಏಣಿ ಹತ್ತಿ ನಿಂತಿದ್ದರು. ಇವನು ಕೆಳಗಿನಿಂದ ಕೂಗಿದ: "ಅಂಕಲ್, ಊಟ ಆಯ್ತಾ?"

ಅವರು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಒಂದು ಕ್ಷಣ ತಡೆದು, "ಇನ್ನೂ ಇಲ್ಲ ಕಣಪ್ಪ" ಎಂದರು.

ನಾನು ಅಡುಗೆಮನೆಗೆ ಹೋಗಿ ಇನ್ನೊಂದು ತಟ್ಟೆ ತಂದೆ.